ಕರಿ ಮುಚ್ಚಳ

ಫೆಬ್ರವರಿ 2

ಗುಂಡ,

ಪೊಟ್ಟಣ ಬಿಚ್ಚುವ ಮೊದಲು ಈ ಕಾಗದವನ್ನು ಪೂರ್ತಿ ಓದು. ಓದದೆ ಮುಂದುವರಿಯುವುದು ನಿನ್ನ ಹಳೆಯ ಕಾಯಿಲೆ. ಕ್ಯಾಪ್ಟನ್ ಅಡುಗೆಮನೆಗೆ ಬಂದು, "ದಿನಸಿ ಬಂದಿದ್ದಕ್ಕೆ ಒಂದು ಸಹಿ ಹಾಕಪ್ಪಾ" ಅಂದಾಗ, ದಿನಸಿ ಚೀಟಿ ನಾಲ್ಕು ಪುಟ ಇರುತ್ತದೆಯೇ ಎಂದಾದರೂ ಯೋಚಿಸಬಾರದಿತ್ತೇ? ಈಗ ಮಾಲೀಕರು ತಲೆಮರೆಸಿಕೊಂಡಿದ್ದಾರೆ, ಕ್ಯಾಪ್ಟನ್ ಮನೆ ಸೇರಿ ಕಾಲು ಚಾಚಿದ್ದಾನೆ. ಸಾಲದ ವ್ಯಾಜ್ಯದಲ್ಲಿ ಕೋರ್ಟು ನಡುನೀರಿನಲ್ಲಿ ಕಟ್ಟಿಹಾಕಿದ ಅಷ್ಟು ದೊಡ್ಡ ಹಡಗಿಗೆ ಜವಾಬ್ದಾರ ಯಾರಪ್ಪಾ ಅಂದರೆ ಈರುಳ್ಳಿ ಹೆಚ್ಚುವವನು. ಬದಲಿ ಮನುಷ್ಯ ಬಾರದೆ ಇಳಿದರೆ ಹಿಡಿದು ಒಳಗೆ ಹಾಕುತ್ತಾರೆ. ಬೈಯಬಾರದೆಂದು ಕೂತೆ, ಬೈದಾಯಿತು.

ವಿಷಯಕ್ಕೆ ಬರುತ್ತೇನೆ. ಏಪ್ರಿಲ್ ಎಂಟಕ್ಕೆ ವಿಚಾರಣೆ. ನೀನು ಅಲ್ಲಿ ಯಾವ ಸ್ಥಿತಿಯಲ್ಲಿದ್ದೀಯ ಎಂಬುದನ್ನು ಕಣ್ಣಿಗೆ ಕಾಣುವಂತೆ ತೋರಿಸಿದರೆ, ನಿನ್ನನ್ನು ಬಿಡಿಸಿ ಬೇರೆ ವ್ಯವಸ್ಥೆ ಮಾಡಲು ಹಡಗಿನ ಏಜೆಂಟನಿಗೆ ಕೋರ್ಟಿನಿಂದ ಹೇಳಿಸಬಹುದು ಎಂದು ನಮ್ಮ ವಕೀಲೆ ಹೇಳಿದ್ದಾರೆ. ಬಂದರಿನವರು ಮೊಬೈಲನ್ನು ಗೇಟು ದಾಟಲು ಬಿಡುವುದಿಲ್ಲ. ಅದಕ್ಕೇ ಈ ಕ್ಯಾಮೆರಾ. ನನ್ನ ಹಳೆಯ ಗಿರಾಕಿಯೊಬ್ಬರು ಕೈ ನಡುಗುತ್ತದೆಂದು ನನಗೇ ಕೊಟ್ಟುಬಿಟ್ಟದ್ದು. ಡಿಜಿಟಲ್ಲೇ, ಆದರೆ ಹಿಂದುಗಡೆ ಪರದೆ ಇಲ್ಲ. ತೆಗೆದದ್ದು ನಿನಗೆ ಕಾಣುವುದಿಲ್ಲ. ಕಾರ್ಡು ಇಲ್ಲಿಗೆ ಬಂದು ನನ್ನ ಫೋಟೋ ಸ್ಟುಡಿಯೋದ ಕಂಪ್ಯೂಟರಿಗೆ ಹಾಕಿದ ಮೇಲೆಯೇ ಗೊತ್ತಾಗುವುದು.

ಮೇಲಿನ ಮೂಲೆಯ ಕಿಂಡಿಯಲ್ಲಿ ನೋಡು. ನಡುವೆ ಎಲ್ಲ ಎರಡೆರಡಾಗಿ ಕಾಣುತ್ತದೆ. ಮುಂದಿನ ಉಂಗುರ ತಿರುಗಿಸು, ಎರಡೂ ಒಂದಾದಾಗ ಒತ್ತು. ಎಲ್ಲ ಆ ಕಿಂಡಿಯಲ್ಲೇ, ಬೇರೇನೂ ಮುಟ್ಟಬೇಡ. ಮುಖ್ಯವಾಗಿ ಅಲ್ಲಿ ಉಪ್ಪುಗಾಳಿ. ಮುಂದಿರುವ ಕರಿ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬೇಡ. ಗಾಜಿಗೆ ಉಪ್ಪು ಕೂತರೆ ಕಥೆ ಮುಗಿಯಿತು.

ಇನ್ನೊಂದು. ಹೋದ ಸಲ ನೀನು, "ಕಂಬಿ ಹಿಡಿದು ನಿಂತರೆ ನೀರು ಕರೆದ ಹಾಗಾಗುತ್ತದೆ" ಎಂದು ಬರೆದಿದ್ದೆ. ಅದನ್ನು ಓದಿದ ದಿನ ಮೂವರು ಗಿರಾಕಿಗಳಿಗೆ ಕಣ್ಣು ಮುಚ್ಚಿದ ಪಾಸ್‌ಪೋರ್ಟ್ ಫೋಟೋ ಕೊಟ್ಟು ಕಳಿಸಿದ್ದೇನೆ. ಅಂಥದ್ದನ್ನು ಇನ್ನು ಮೇಲೆ ಬರೆಯಬೇಡ. ನನಗೆ ತಡೆಯುವುದಿಲ್ಲ.

ಇಂಜಿನಿಯರಿಗೆ ನನ್ನ ನಮಸ್ಕಾರ ಹೇಳು. ಉಳಿದವರೆಲ್ಲ ಹೋದರೂ ಅವರೊಬ್ಬರು ನಿನ್ನ ಜೊತೆಗಿದ್ದಾರಲ್ಲ, ನನ್ನ ಧೈರ್ಯ ಅದೊಂದೇ.

ನಿನ್ನ ಅಕ್ಕ

ಮಾರ್ಚ್ 1

ಅಕ್ಕ,

ಕ್ಯಾಮೆರಾ ಕ್ಷೇಮವಾಗಿ ಬಂತು. ಗೇಟಿನಲ್ಲಿ ಬಿಚ್ಚಿ ನೋಡಿದರಂತೆ. ಹದಿನೈದು ದಿನಕ್ಕೊಮ್ಮೆ ನೀರು, ದಿನಸಿ ತರುವ ದೋಣಿಯವ ಹೇಳಿದ: "ಹಿಂದೆ ಪರದೆ ಇಲ್ಲ, ಒಳಗೆ ರೀಲೂ ಇಲ್ಲ, ಇದೇನ್ರೀ ಆಟದ ಸಾಮಾನಾ ಅಂತ ನಕ್ಕು ಬಿಟ್ಬಿಟ್ರು." ನಾನೂ ನಕ್ಕೆ. ತುಂಬ ದಿನವಾಗಿತ್ತು.

ನೀನು ಹೇಳಿದಂತೆಯೇ ಮಾಡಿದ್ದೇನೆ. ಕಿಂಡಿಯೊಳಗೆ ಒಂದು ಕಂಬ ಎರಡು ಕಂಬವಾಗಿ ಕಾಣುತ್ತದೆ. ಉಂಗುರ ತಿರುಗಿಸುತ್ತ ಹೋದರೆ ಎರಡೂ ಮೆಲ್ಲಗೆ ಹತ್ತಿರ ಬಂದು, ಜಗಳವಾಡಿದವರು ರಾಜಿಯಾದಂತೆ, ಒಂದರೊಳಗೊಂದು ಕೂತುಬಿಡುತ್ತವೆ. ಚಿತ್ರ ಕಾಣದಿದ್ದರೂ ಅದನ್ನು ನೋಡುವುದೇ ಒಂದು ಸುಖ. ಬೆಳಗಾದರೆ ಏನು ತೆಗೆಯಲಿ ಎಂದು ಯೋಚಿಸುತ್ತೇನೆ. ಮೊದಲೆಲ್ಲ ಬೆಳಗಾದರೆ ಏನು ಮಾಡಲಿ ಎಂದು ಯೋಚಿಸುತ್ತಿದ್ದೆ. ಇದು ವಾಸಿ.

ಆದರೆ ಈ ಕ್ಯಾಮೆರಾ ನನಗಿಂತ ಸೋಮಾರಿ. ಒತ್ತಿದರೆ ಟಿಕ್ ಅನ್ನುತ್ತದೆ, ಆಮೇಲೆ ಸದ್ದಿಲ್ಲ. ಉಸಿರು ಬಿಗಿಹಿಡಿದು ಇಪ್ಪತ್ತು, ಮೂವತ್ತು ಎಣಿಸುವ ಹೊತ್ತಿಗೆ ಇನ್ನೊಂದು ಟಿಕ್. ಹಳೆಯದಲ್ಲವೇ, ಅದರ ಸ್ವಭಾವವೇ ಹಾಗಿರಬೇಕು. ಮುಚ್ಚಳವನ್ನು ಒಂದೇ ಒಂದು ಸಲವೂ ತೆಗೆದಿಲ್ಲ, ಗಾಬರಿಯಾಗಬೇಡ.

ಇನ್ನೂರ ಹನ್ನೆರಡು ತೆಗೆದಿದ್ದೇನೆ. ನಲ್ಲಿಯಲ್ಲಿ ಕಾಫಿ ಬಣ್ಣದ ನೀರು ಬರುವುದು, ಹಿಟ್ಟಿನ ಡಬ್ಬದ ಹುಳು, ನನ್ನ ಕಾಲು ತೂರಿ ಹೋದ ತುಕ್ಕು ಹಿಡಿದ ನೆಲ, ಬಿರುಗಾಳಿಯ ದಿನ ಅಡುಗೆಮನೆಗೆ ನುಗ್ಗಿದ ನೀರು. ಸೊಂಟದವರೆಗೆ ನೀರಿನಲ್ಲಿ ನಿಂತು, ಕೈ ಮೇಲೆತ್ತಿ ಹಿಡಿದು ತೆಗೆದೆ. ನ್ಯಾಯಾಧೀಶರು ಅದನ್ನು ನೋಡಿದರೆ ಸಾಕು.

ಎಲ್ಲಕ್ಕಿಂತ ಮೊದಲು ಒಂದು ಚಿತ್ರವಿದೆ. ಅದು ಏನೆಂದು ಬರೆಯಲು ನನ್ನಿಂದ ಆಗುವುದಿಲ್ಲ. ನೀನೂ ಅಂಥದ್ದನ್ನು ಬರೆಯಬೇಡ ಅಂದಿದ್ದೀಯ. ನೋಡಿದರೆ ನಿನಗೇ ತಿಳಿಯುತ್ತದೆ. ಕಾಗದದಲ್ಲಿ ಅದರ ಬಗ್ಗೆ ಕೇಳಬೇಡ, ಅರ್ಥವಾಯಿತು ಅಂತ ಒಂದು ಮಾತು ಬರೆ.

ಗೇಟಿನವರ ಕಣ್ಣಿಗೆ ಬೀಳದಿರಲೆಂದು ಕಾರ್ಡನ್ನೂ ಬ್ಯಾಟರಿಯನ್ನೂ ಉಪ್ಪಿನ ಡಬ್ಬದಲ್ಲಿ ಹೂತು ಕಳಿಸುತ್ತಿದ್ದೇನೆ. ಬ್ಯಾಟರಿ ತುಂಬಿಸಿ ಕೊಡು, ಇಲ್ಲಿ ಜನರೇಟರಿಗೆ ಡೀಸೆಲ್ ಇಲ್ಲ.

ಗುಂಡ

ಮಾರ್ಚ್ 15

ಗುಂಡ,

ಕಾರ್ಡು ತಲುಪಿತು. ಎಲ್ಲ ಚೆನ್ನಾಗಿ ಬಂದಿವೆ. ಮೊದಲ ಸಲಕ್ಕೆ ಬಹಳ ಚೆನ್ನಾಗಿವೆ. ನೀನು ಬರೆದ ಆ ಮೊದಲನೆಯದನ್ನೂ ನೋಡಿದೆ. ಅರ್ಥವಾಯಿತು.

ಆದರೂ ವಕೀಲೆಗೆ ಇನ್ನಷ್ಟು ಇದ್ದರೆ ಒಳ್ಳೆಯದು. ಅದೇ ಜಾಗಗಳನ್ನು ಇನ್ನೊಂದು ಸಲ ತೆಗೆದು, ಮುಂದಿನ ದೋಣಿಗೇ ಕಳಿಸು. ಈ ಸಲ ಒತ್ತುವ ಮೊದಲು ಮುಚ್ಚಳ ತೆಗೆದುಬಿಡು. ಉಪ್ಪಿಗೆ ಹೆದರಬೇಡ, ಆಮೇಲೆ ನಾನು ಒರೆಸಿಕೊಳ್ಳುತ್ತೇನೆ. ಇನ್ನೂ ಚೆನ್ನಾಗಿ ಬರುತ್ತವೆ. ಮರೆಯಬೇಡ, ಮುಚ್ಚಳ.

ಇಲ್ಲಿ ವಿಶೇಷವೇನಿಲ್ಲ. ದಿನವಿಡೀ ಸ್ಟೂಲಿನ ಮೇಲೆ ಜನರನ್ನು ಕೂರಿಸಿ, "ಗಲ್ಲ ಮೇಲೆ, ನಗಬೇಡಿ" ಎನ್ನುತ್ತೇನೆ. ಅವರೆಲ್ಲ ಎಲ್ಲೆಲ್ಲಿಗೋ ಹೋಗುವವರು. ಬ್ಯಾಟರಿ ತುಂಬಿಸಿ ಕಳಿಸಿದ್ದೇನೆ, ಹೊಸ ಕಾರ್ಡೂ ಇದೆ. ಅವಸರದಲ್ಲಿದ್ದೇನೆ.

ಅಕ್ಕ

ಮಾರ್ಚ್ 29

ಅಕ್ಕ,

ಅರ್ಥವಾಯಿತು ಎಂದು ಬರೆದೆಯಲ್ಲ, ಅದನ್ನು ಓದಿ ಎಷ್ಟೋ ದಿನದ ಮೇಲೆ ಹೊಟ್ಟೆತುಂಬ ಉಂಡೆ. ಕಾಗದದ ಕೊನೆಯಲ್ಲಿ ಪ್ರತಿ ಸಲ ಬರೆಯುವುದನ್ನು ಈ ಸಲ ನೀನು ಬರೆಯದೆ ಬಿಟ್ಟಾಗಲೇ ನಿನಗೆ ತಿಳಿದಿದೆ ಎಂದು ಗೊತ್ತಾಯಿತು. ನೀನು ನನ್ನ ಅಕ್ಕ, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಯಾರಿಗೂ ಗೊತ್ತಿಲ್ಲದೆ ಹೀಗಿರುವುದಕ್ಕೂ ನಿನಗೆ ಗೊತ್ತಿದ್ದು ಹೀಗಿರುವುದಕ್ಕೂ ಬಹಳ ವ್ಯತ್ಯಾಸ.

ಮತ್ತೆ ತೆಗೆ ಅಂದಿದ್ದೀಯ. ಚೆನ್ನಾಗಿ ಬಂದಿವೆ ಎಂದ ಮೇಲೆ ಯಾಕೆ? ಅಡುಗೆಮನೆಯ ನೀರನ್ನು ಬಂದರಿನವರು ಪಂಪು ತಂದು ಎಳೆದುಹಾಕಿದ್ದಾರೆ, ಈಗ ತೆಗೆದರೆ ಎಲ್ಲ ಸರಿಯಿದೆ ಎಂದೇ ಕಾಣುತ್ತದೆ. ಮುಚ್ಚಳವನ್ನೂ ತೆಗೆಯುವುದಿಲ್ಲ. ಮುಚ್ಚಿಯೇ ಅಷ್ಟು ಚೆನ್ನಾಗಿ ಬಂದಿರುವಾಗ ತೆರೆದು ಹಾಳು ಮಾಡಲೇ? ಇನ್ನೊಬ್ಬರ ವಸ್ತು. ಚಿಕ್ಕಂದಿನಿಂದ ನಿನ್ನ ಮೊದಲ ಮಾತು ಮೀರಿದಾಗಲೆಲ್ಲ ನನಗೆ ಏಟು ಬಿದ್ದಿದೆ.

ಇರುವುದನ್ನೇ ಎಂಟನೇ ತಾರೀಕು ಕೊಡು. ಆ ನೀರಿನದನ್ನು ಮಾತ್ರ ಒಂದು ಪ್ರಿಂಟ್ ಹಾಕಿ ಕಳಿಸುತ್ತೀಯಾ? ನಾನು ತೆಗೆದದ್ದನ್ನು ನಾನೂ ಒಂದು ಸಲ ನೋಡಬೇಕು ಅನಿಸುತ್ತಿದೆ.

ಗುಂಡ

ಏಪ್ರಿಲ್ 12

ಗುಂಡ,

ಇದನ್ನು ಒಬ್ಬನೇ ಓದಬೇಡ. ಇಂಜಿನಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದು.

ಚಿತ್ರಗಳು ಬಂದಿರಲಿಲ್ಲ. ಇನ್ನೂರ ಹನ್ನೆರಡೂ ಕಪ್ಪು. ಕಂಪ್ಯೂಟರಿನಲ್ಲಿ ಬೆಳಕು ಎಷ್ಟು ಏರಿಸಿದರೂ ಬರೀ ಚುಕ್ಕಿ. ಆ ಕ್ಯಾಮೆರಾದಲ್ಲಿ ನೀನು ನೋಡುವ ಕಿಂಡಿಯೇ ಬೇರೆ, ಚಿತ್ರ ಹಿಡಿಯುವ ಗಾಜೇ ಬೇರೆ. ಗಾಜಿಗೆ ಟೋಪಿ ಹಾಕಿದರೂ ಕಿಂಡಿಯಲ್ಲಿ ಎಲ್ಲ ಝಗಝಗ ಕಾಣುತ್ತದೆ. ಎರಡು ಟಿಕ್ ನಡುವೆ ಮೂವತ್ತು ಎಣಿಸಿದೆ ಎಂದು ಬರೆದಿದ್ದೆಯಲ್ಲ, ಆ ಪಾಪದ್ದು ಕತ್ತಲಲ್ಲಿ ಬೆಳಕು ಹುಡುಕುತ್ತ ಕೂತಿತ್ತು. ಮುಚ್ಚಳ ತೆಗೆಯಬೇಡ ಎಂದವಳು ನಾನೇ. ಕ್ಯಾಮೆರಾ ಇಟ್ಟಿರುವಾಗ ಎಂದು ನನ್ನ ಮನಸ್ಸಿನಲ್ಲಿತ್ತು, ಕಾಗದದಲ್ಲಿ ಬರೆಯಲಿಲ್ಲ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುವವಳಿಗೆ ಹೇಳಬೇಕೆಂದೇ ಹೊಳೆಯಲಿಲ್ಲ.

ಸುಳ್ಳು ಯಾಕೆ ಹೇಳಿದೆ? ನಿನ್ನ ಕಾಗದದಲ್ಲಿ ನಗು ಇತ್ತು. ಅದರ ಹಿಂದಿನ ಕಾಗದದಲ್ಲಿ ನೀರು ಕರೆಯುವ ಮಾತಿತ್ತು. ಎರಡನ್ನೂ ಎದುರಿಗಿಟ್ಟುಕೊಂಡು ಕೂತೆ, ಕಪ್ಪು ಬಂದಿದೆ ಎಂದು ಬರೆಯಲು ಕೈ ಏಳಲಿಲ್ಲ. ಜಾಣತನದಿಂದ ಇನ್ನೊಂದು ಸಲ ತೆಗೆಸಿಬಿಡೋಣ ಅಂದುಕೊಂಡೆ. ಜಾಣತನ ನನ್ನ ತಲೆಯ ಮೇಲೇ ಬಿತ್ತು.

ಎಂಟನೇ ತಾರೀಕು ಬರಿಗೈಯಲ್ಲಿ ಹೋದೆವು. "ಆಧಾರ ಎಲ್ಲಿ?" ಅಂದರು ನ್ಯಾಯಾಧೀಶರು. ಜೂನ್ ಮೂರಕ್ಕೆ ಮುಂದೆ ಹಾಕಿದರು. ಎರಡು ತಿಂಗಳು, ಗುಂಡ. ನಾನು ಹೇಳಿದ ಒಂದು ಸುಳ್ಳಿಗೆ ನೀನು ಎರಡು ತಿಂಗಳು ಅಲ್ಲಿರಬೇಕು.

ಆ ಮೊದಲ ಚಿತ್ರವನ್ನೂ ನಾನು ನೋಡಿಲ್ಲ. ಅದೇನೆಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಗೊತ್ತಿದೆ ಅಂದೆ. ಈಗ ಬೇಡುತ್ತೇನೆ, ಬರೆ.

ಅಕ್ಕ

ಏಪ್ರಿಲ್ 26

ಗುಂಡ,

ದೋಣಿ ಬಂತು. ಉಪ್ಪಿನ ಡಬ್ಬ ಬಂತು. ಅದರಲ್ಲಿ ಉಪ್ಪು ಮಾತ್ರ ಇತ್ತು. ಟೇಬಲ್ ಮೇಲೆ ಸುರಿದು ಬೆರಳಾಡಿಸಿ ನೋಡಿದೆ.

ಬೈದಾದರೂ ಬರೆ.

ಅಕ್ಕ

ಮೇ 10

ಗುಂಡ,

ಈ ಸಲವೂ ಇಲ್ಲ. ದೋಣಿಯವನನ್ನು ಕೇಳಿದೆ. "ನೀರಿನ ಕ್ಯಾನ್ ಮೇಲೆಳ್ಕೊಂಡ್ರಮ್ಮಾ, ಮಾತಾಡ್ಲಿಲ್ಲ" ಅಂದ. ಕ್ಯಾನ್ ಎಳೆದುಕೊಂಡೆಯಲ್ಲ, ಅಷ್ಟನ್ನು ಹಿಡಿದುಕೊಂಡು ಹದಿನೈದು ದಿನ ತಳ್ಳುತ್ತೇನೆ. ಇಂಜಿನಿಯರಾದರೂ ಎರಡು ಸಾಲು ಬರೆಯಬಾರದೇ?

ಅಕ್ಕ

ಮೇ 24

ಅಕ್ಕ,

ಇಂಜಿನಿಯರ್ ಇಲ್ಲ. ಫೆಬ್ರವರಿಯಲ್ಲೇ ಹೋದರು. ಕ್ಯಾಮೆರಾ ತಂದ ದೋಣಿಯಲ್ಲೇ. ಅವರು ನಾಲ್ಕು ಪುಟದ ಕಾಗದಕ್ಕೆ ಸಹಿ ಹಾಕಿದವರಲ್ಲ, ಹೋಗಬಹುದಿತ್ತು. ಹೋಗುವಾಗ ನನ್ನ ಮುಖ ನೋಡಲಿಲ್ಲ. ಅವರು ದೋಣಿಗೆ ಇಳಿಯುವುದನ್ನು ಕಿಂಡಿಯಲ್ಲಿ ನೋಡಿ, ಎರಡು ಇಂಜಿನಿಯರುಗಳನ್ನು ಒಂದು ಮಾಡಿ ಒತ್ತಿದೆ. ಅದೇ ಆ ಚಿತ್ರ.

ನಿನ್ನ ಧೈರ್ಯ ಅವರೊಬ್ಬರೇ ಎಂದು ನೀನು ಬರೆದಿದ್ದೆ. ಅದಕ್ಕೇ ಬಾಯಿಬಿಟ್ಟು ಹೇಳಲಾಗಲಿಲ್ಲ, ಚಿತ್ರವೇ ಹೇಳಲಿ ಅಂದುಕೊಂಡೆ. ನಿನ್ನ ಕಾಗದದಲ್ಲಿ ಈ ಸಲ ಅವರಿಗೆ ನಮಸ್ಕಾರ ಇರಲಿಲ್ಲ. ಅಕ್ಕನಿಗೆ ಎಲ್ಲ ತಿಳಿದಿದೆ, ನನಗೆ ನೋವಾಗದಿರಲಿ ಎಂದು ಸುಮ್ಮನಿದ್ದಾಳೆ ಎಂದು ಎಷ್ಟು ಹೆಮ್ಮೆಪಟ್ಟೆ ಗೊತ್ತಾ? ನಿನಗೆ ಅವಸರದಲ್ಲಿ ಮರೆತುಹೋಗಿತ್ತು, ಅಷ್ಟೇ. ನಾನು ಒಬ್ಬನೇ ಇದ್ದೇನೆ ಎಂಬುದು ನನ್ನವರಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ನಿನಗೆ ಗೊತ್ತಿದೆ ಎಂದುಕೊಂಡು ದಿನ ತಳ್ಳಿದ್ದೆ. ನೀನು ಅದನ್ನೂ ಕಿತ್ತುಕೊಂಡೆ.

ಸಿಟ್ಟು ಬಂತು. ಕ್ಯಾಮೆರಾ ಎಸೆಯಲು ಕಂಬಿಯ ತನಕ ಹೋದೆ. ಇನ್ನೊಬ್ಬರ ವಸ್ತು ಎಂದು ಮುಚ್ಚಳವನ್ನಷ್ಟೇ ಕಿತ್ತು ಎಸೆದೆ. ತೇಲಿಕೊಂಡು ಹೋಯಿತು. ನನಗಿಂತ ಮೊದಲು ಬಿಡುಗಡೆ ಅದಕ್ಕೇ ಆಯಿತು. ಆಮೇಲೆ ಒತ್ತಿದರೆ ಟಿಕ್ ಟಿಕ್ ಒಟ್ಟಿಗೇ ಕೇಳಿಸಿತು. ಇಷ್ಟು ಬೇಗ ಆಗುವ ಕೆಲಸವೇ ಇದು ಎಂದು ಕೂತು ಅತ್ತೆ.

ಹನ್ನೊಂದು ತೆಗೆದಿದ್ದೇನೆ. ಹೆಚ್ಚು ತೆಗೆಯಲು ಮನಸ್ಸಾಗಲಿಲ್ಲ. ಹೇಗೆ ಬಂದಿವೆಯೋ ಹಾಗೆ ಹೇಳು. ಇನ್ನೊಂದು ಸಲ ಚೆನ್ನಾಗಿ ಬಂದಿವೆ ಅಂದರೆ ನಿನಗೆ ಬರೆಯುವುದನ್ನೇ ಬಿಡುತ್ತೇನೆ.

ಗುಂಡ

ಜೂನ್ 7

ಗುಂಡ,

ನಿಜ ಬರೆಯುತ್ತೇನೆ. ಹನ್ನೊಂದರಲ್ಲಿ ನಾಲ್ಕು ಮಸುಕು. ಒಂದರಲ್ಲಿ ನಿನ್ನ ಬೆರಳು ಅರ್ಧ ಹಡಗನ್ನೇ ನುಂಗಿದೆ. ಮೂರು ವಾರೆಯಾಗಿವೆ. ಹಿಟ್ಟಿನ ಹುಳು ಚೆನ್ನಾಗಿ ಕಾಣುತ್ತದೆ, ವಕೀಲೆ ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ. ಕನ್ನಡಿಯಲ್ಲಿ ನಿನ್ನನ್ನು ನೀನೇ ತೆಗೆದುಕೊಂಡದ್ದರಲ್ಲಿ ಮುಖ ಕ್ಯಾಮೆರಾದ ಹಿಂದಿದೆ, ಕಡ್ಡಿಯಂತಾದ ಕುತ್ತಿಗೆ ಮಾತ್ರ ಕಂಡಿತು. ನಿನ್ನನ್ನು ಗುಂಡ ಎಂದು ಕರೆಯಲು ಇನ್ನು ನನಗೆ ಬಾಯಿ ಬರುವುದಿಲ್ಲ, ಆದರೆ ಬೇರೆ ಹೆಸರು ನನಗೆ ಅಭ್ಯಾಸವಿಲ್ಲ.

ಎಲ್ಲಕ್ಕಿಂತ ಚೊಕ್ಕವಾಗಿ ಬಂದದ್ದು ಊಟದ ಮೇಜು. ಲೋಟ ತೂಗುಹಾಕುವ ಹನ್ನೆರಡು ಕೊಕ್ಕೆ, ಒಂದೇ ಲೋಟ. ಇಷ್ಟುದ್ದದ ಮೇಜು, ತುದಿಯಲ್ಲಿ ಒಂದು ತಟ್ಟೆ. ಮೂರನೇ ತಾರೀಕು ನ್ಯಾಯಾಧೀಶರು ಉಳಿದವನ್ನು ಸರಸರ ದಾಟಿಸಿ ಅದನ್ನೇ ಬಹಳ ಹೊತ್ತು ನೋಡಿದರು. "ಉಳಿದವರು ಎಲ್ಲಿ?" ಎಂದು ಏಜೆಂಟನ ವಕೀಲರನ್ನು ಕೇಳಿದರು. ಅವರು ಕಡತ ತಿರುವತೊಡಗಿದರು. ಎರಡು ವಾರದೊಳಗೆ ಬದಲಿ ಮನುಷ್ಯನನ್ನು ಕಳಿಸಬೇಕು, ಅವನು ಹತ್ತಿದ ದೋಣಿಯಲ್ಲೇ ನೀನು ಇಳಿಯಬೇಕು ಎಂದು ಆದೇಶವಾಗಿದೆ.

ನನ್ನ ಮಾತನ್ನು ನೀನು ನಂಬುವುದಿಲ್ಲ, ನಂಬಲೂಬೇಡ. ಆದೇಶದ ನಕಲು ಇಟ್ಟಿದ್ದೇನೆ, ಮುದ್ರೆ ನೋಡಿಕೋ. ಕಾರ್ಡೂ ಜೊತೆಗಿದೆ. ದೋಣಿಯಲ್ಲಿ ಏನೇ ಕಾಗದ ಬಂದರೂ ಮೊದಲಿನಿಂದ ಕೊನೆಯವರೆಗೆ ಓದು. ಓದದೆ ಯಾವುದೂ ಕೈ ಬದಲಾಗಬಾರದು. ಇದು ನನ್ನ ಆಣೆ.

ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಬಾ.

ಅಕ್ಕ

ಜೂನ್ 21

ಅಕ್ಕ,

ಹಾಸಿಗೆ ಎತ್ತಿಡು.

ನಾಲ್ಕು ದಿನದ ಹಿಂದೆ ಬೇರೊಂದು ದೋಣಿಯಲ್ಲಿ ಬದಲಿ ಮನುಷ್ಯ ಬಂದಿದ್ದ. ನನಗಿಂತ ಹತ್ತು ವರ್ಷ ದೊಡ್ಡವನು, ಮೊದಲು ಗೋದಾಮು ಕಾಯುತ್ತಿದ್ದನಂತೆ. ನನ್ನ ಚೀಲ ದೋಣಿಗೆ ಇಳಿದಾಗಿತ್ತು. ಕ್ಯಾಮೆರಾ ಕೊರಳಲ್ಲಿತ್ತು. ಅವನು ಅಡುಗೆಮನೆಯ ಕಟ್ಟೆಯ ಮೇಲೆ ತನ್ನ ಸಾಮಾನು ಜೋಡಿಸತೊಡಗಿದ. ರಕ್ತದೊತ್ತಡದ ಮಾತ್ರೆಗಳನ್ನು ಪಟ್ಟಿ ಪಟ್ಟಿಯಾಗಿ ಎಣಿಸಿ ಇಟ್ಟ.

"ಎಷ್ಟು ದಿನಕ್ಕೆ ತಂದಿದೀರಿ?" ಅಂದೆ.

"ಮೂರ್ ತಿಂಗ್ಳಿಗೆ. ಕೆಲಸ ಅಷ್ಟೇ ಅಲ್ವಾ? ಆಮೇಲೆ ಬೇರೆಯವ್ರು ಬರ್ತಾರಂತೆ."

"ಕಾಗದ ಓದಿದ್ರಾ?"

"ಅದರಲ್ಲೇನಿದೆ? ದಿನಸಿ ತಗೊಂಡಿದ್ದಕ್ಕೆ ಸಹಿ ಅಂತೆ, ಏಜೆಂಟ್ ಹೇಳಿದ್ರು."

ಕೆಳಗಿನಿಂದ ದೋಣಿಯವ, "ಬನ್ನಿ ಸ್ವಾಮಿ, ನೀರು ಇಳೀತಿದೆ" ಎಂದು ಕೂಗುತ್ತಿದ್ದ. ನಾನು ಆ ಕಾಗದ ತೆಗೆದುಕೊಂಡು ಓದಿದೆ. ನಿನ್ನ ಆಣೆ ಇತ್ತಲ್ಲ. ಅದೇ ನಾಲ್ಕು ಪುಟ, ಅದೇ ಅಕ್ಷರ. ಕೊನೆಯ ಪುಟದಲ್ಲಿ, ವ್ಯಾಜ್ಯ ಮುಗಿಯುವವರೆಗೆ ಸಹಿ ಹಾಕಿದವನೇ ಹಡಗಿಗೆ ಜವಾಬ್ದಾರ ಎಂದಿತ್ತು. ನನ್ನ ಕಾಗದದಲ್ಲೂ ಇದ್ದದ್ದು ಅದೇ.

ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು ಅಕ್ಕ. ಹತ್ತು ಮೆಟ್ಟಿಲು ಇಳಿದರೆ ದೋಣಿ. ಎರಡು ಮೆಟ್ಟಿಲು ಇಳಿದೂ ಇಳಿದೆ. ಕ್ಯಾಪ್ಟನ್ ಕೂಡ ಹೀಗೇ ಇಳಿದಿರಬೇಕು. ಆ ಮಾತ್ರೆಗಳು ಮುಗಿದ ಮೇಲೆ ಅವನು ಏನು ಮಾಡುತ್ತಾನೆ ಎಂಬುದೊಂದು ತಲೆಗೆ ಬಂತು, ಕಾಲು ಮುಂದೆ ಹೋಗಲಿಲ್ಲ. ವಾಪಸ್ ಹತ್ತಿ, "ನಾಲ್ಕನೇ ಪುಟ ಓದಿ" ಅಂದೆ. ಅವನು ನಿಂತೇ ಓದಿದ, ಸಾಲಿನ ಕೆಳಗೆ ಬೆರಳಿಟ್ಟು. ಎರಡು ಸಲ ಓದಿದ. ಆಮೇಲೆ ಕಾಗದ ಮಡಚಿ ಜೇಬಿಗೆ ಹಾಕಿ, ಮಾತ್ರೆಗಳನ್ನು ಬಾಚಿ ಚೀಲಕ್ಕೆ ತುಂಬಿದ. ನಿನ್ನ ಸ್ಟುಡಿಯೋ ಇರುವ ಬೀದಿ ಹೇಳಿದೆ, ಕೇಳಿಸಿತೋ ಇಲ್ಲವೋ. ಚೀಲ ಎತ್ತಿಕೊಂಡು ಇಳಿದು ಹೋದ. ನನ್ನ ಚೀಲವನ್ನು ಹಗ್ಗ ಕಟ್ಟಿ ಮೇಲೆಳೆದುಕೊಂಡೆ.

ದೋಣಿ ತಿರುಗುವಾಗ ಒಂದು ಚಿತ್ರ ತೆಗೆದೆ. ಕಣ್ಣಲ್ಲಿ ನೀರಿತ್ತು, ಕಿಂಡಿಯಲ್ಲಿ ಎರಡಲ್ಲ, ನಾಲ್ಕು ದೋಣಿ ಕಂಡವು. ಯಾವುದನ್ನೂ ಒಂದು ಮಾಡಲಾಗಲಿಲ್ಲ, ಅಂದಾಜಿನಲ್ಲಿ ಒತ್ತಿದೆ. ಇಂಜಿನಿಯರ್ ಹಾಗೆಯೇ ಇವನೂ ತಿರುಗಿ ನೋಡದೆ ಹೋದ ಎಂದು ಕಾಣುತ್ತದೆ.

ನಾನು ಮಾಡಿದ್ದು ಸರಿಯೋ ದಡ್ಡತನವೋ ಗೊತ್ತಿಲ್ಲ. ಹೇಳುವುದಾದರೆ ನಿಜ ಹೇಳು.

ಗುಂಡ

ಜುಲೈ 5

ಗುಂಡ,

ದಡ್ಡತನ. ಎರಡು ದಿನ ನಿನ್ನನ್ನು ಬಾಯಿಗೆ ಬಂದಂತೆ ಬೈದೆ, ಗಿರಾಕಿಗಳ ಎದುರಿಗೇ. ಮೂರನೇ ದಿನ ಬಿಸಿಲಿನಿಂದ ಹಾಸಿಗೆ ಎತ್ತಿಟ್ಟು, ಅದರ ಮೇಲೆ ಕೂತು ಅತ್ತೆ. ನೀನು ಬಾಯಿ ಮುಚ್ಚಿಕೊಂಡು ಇಳಿದು ಬಂದಿದ್ದರೆ ನನಗೆ ಸಂತೋಷವಾಗುತ್ತಿತ್ತು. ನಿಜ ಹೇಳು ಅಂದೆಯಲ್ಲ, ಇದೇ ನಿಜ.

ನಾಲ್ಕನೇ ದಿನ ಆ ಮನುಷ್ಯ ಸ್ಟುಡಿಯೋಗೆ ಬಂದ. ಸುಮ್ಮನೆ ಸ್ಟೂಲಿನ ಮೇಲೆ ಕೂತ. ಫೋಟೋಕ್ಕೆಂದು ನಾನು ದೀಪ ಹಾಕಿದೆ. "ಫೋಟೋ ಬೇಡಮ್ಮಾ" ಎಂದು ಜೇಬಿನಿಂದ ಸಹಿ ಹಾಕದ ನಾಲ್ಕು ಪುಟ ತೆಗೆದು ಕೌಂಟರಿನ ಮೇಲಿಟ್ಟ. ಕೋರ್ಟಿಗೆ ಬಂದು ಹೇಳುತ್ತಾನಂತೆ. ವಕೀಲೆಗೆ ತೋರಿಸಿದೆ. "ನೋಡೋಣ" ಅಂದರು. ಅದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ, ನಾನೂ ಬರೆಯುವುದಿಲ್ಲ. ವಿಚಾರಣೆ ಆಗಸ್ಟ್ ಇಪ್ಪತ್ತಕ್ಕೆ.

ಈಗ ನಿನ್ನ ಚಿತ್ರ. ವಾರೆಯಾಗಿದೆ, ಸಮುದ್ರ ಬಲಗಡೆಗೆ ಸುರಿದುಹೋಗುವಂತಿದೆ. ದೋಣಿ ಮಸುಕು. ಕಂಬಿ ಮತ್ತು ಅದರ ಮೇಲಿನ ತುಕ್ಕು ಮಾತ್ರ ಸ್ಪಷ್ಟ. ಅವನ ಮುಖ ಗುರುತು ಹತ್ತುವುದಿಲ್ಲ. ಆದರೆ ಅವನು ಹಡಗಿನ ಕಡೆ ತಿರುಗಿ ನಿಂತಿದ್ದಾನೆ. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈ ಮೇಲೆತ್ತಿದ್ದಾನೆ.

ನಾನು ಹೇಳಿದೆನೆಂದು ನಂಬಬೇಡ. ಪ್ರಿಂಟ್ ಹಾಕಿ ಇದರ ಜೊತೆಗೇ ಇಟ್ಟಿದ್ದೇನೆ. ನೀನು ತೆಗೆದದ್ದರಲ್ಲಿ ನೀನು ನೋಡುವ ಮೊದಲನೆಯದು. ಬೆಳಕಿಗೆ ಹಿಡಿದು ನೀನೇ ನೋಡು.

ಅಕ್ಕ